ಹಗ್ಗ ಹಿಡಿದವರು

ಬೆಳ್ಯಪ್ಪ ಮಾಸ್ತರರ ಪ್ರಕಾರ ಭೂಮಿಯ ಮೇಲೆ ಇದ್ದದ್ದು ಎರಡೇ ಜಾತಿ. ಒಂದು ನಾಗರಿಕರದು, ಇನ್ನೊಂದು ಬರ್ಬರರದು. ಗ್ರೀಕರು ತಮ್ಮ ಮಾತು ಬಾರದವರನ್ನೆಲ್ಲ ಬರ್ಬರರು ಅಂದರು, ಆರ್ಯರು ಮ್ಲೇಚ್ಛರು ಅಂದರು, ಚೀನದವರು ಅಂಥವರ ಮುಖವೇ ಬೇಡವೆಂದು ಬೆಟ್ಟಗಳ ಮೇಲೆ ಗೋಡೆ ಕಟ್ಟಿದರು. ವಿರಾಜಪೇಟೆಯಲ್ಲಿ ಚರಿತ್ರೆಯ ಮೇಷ್ಟರಾಗಿದ್ದಷ್ಟು ಕಾಲವೂ ಇದನ್ನು ಅವರು ಬಹಳ ಸೊಗಸಾಗಿ ಹೇಳುತ್ತಿದ್ದರು. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಹಂಗಾರೆ ಗ್ರೀಕರು ನಮ್ಮನ್ನ ಎಂತ ಹೇಳ್ತಿದ್ರು?" ಎಂದು ಕೇಳಿದ. ಅವನನ್ನು ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದರು.

ಆಮೇಲೆ ಮಾಸ್ತರರು ಗಾಳಿಬೀಡಿನಲ್ಲಿದ್ದ ಸ್ವಂತ ಅಣ್ಣ ಮೊಣ್ಣಪ್ಪನ ಮೇಲೆ ಕೇಸು ಹಾಕಿದರು. ಕೇಸು ನಡೆಸಿದವರು ಮಡಿಕೇರಿಯ ವಕೀಲ ಪೂವಯ್ಯ, ಮಾಸ್ತರರ ಹೆಂಡತಿ ಪ್ರೇಮಾವತಿಯ ತಮ್ಮ. ಕೇಸು ಗೆದ್ದು, ಬಂದ ಪಾಲು ಮಾರಿ, ವಿರಾಜಪೇಟೆಯ ಆಚೆ ಕಾಡಿನ ಅಂಚಿನಲ್ಲಿ ಒಂದು ಕಾಫಿ ತೋಟ ಕೊಂಡರು. ಕೊಡಗು ಆಗ ತನ್ನದೇ ಒಂದು ರಾಜ್ಯ. ಮಡಿಕೇರಿಯಲ್ಲೇ ಅಸೆಂಬ್ಲಿ, ಮಡಿಕೇರಿಯಲ್ಲೇ ಮಂತ್ರಿಗಳು. ರಾಜ್ಯ ಚಿಕ್ಕದಾದರೂ ಗತ್ತಿಗೆ ಕಡಿಮೆಯಿರಲಿಲ್ಲ. ಮಾಸ್ತರರು ತೋಟಕ್ಕೆ ಮಗಧ ಎಸ್ಟೇಟ್ ಎಂದು ಹೆಸರಿಟ್ಟರು, ನಾಯಿಗೆ ಸೀಸರ್ ಎಂದು.

ತೋಟದ ಮೇಲ್ಗಡೆ ಜೇನುಕುರುಬರ ಹಾಡಿಯಿತ್ತು, ಕೆಲವು ಗುಡಿಸಲುಗಳ ಗುಂಪು. ಆ ತೋಟದಲ್ಲಿ ಮೊದಲ ಕಾಫಿ ಗಿಡ ನೆಡುವುದಕ್ಕೂ ಮುಂಚೆ ಆ ಹಾಡಿ ಅಲ್ಲಿತ್ತು. ಗಾಳಿಬೀಡಿನಿಂದ ಬಂದ ಮಾಸ್ತರರು ಬಂದ ಹೊಸತರಲ್ಲೇ ಬೇಲಿ ಹಾಕಿಸಿ, ಈ ಹೊರಗಿನವರು ಇನ್ನು ಕೇಳದೆ ಒಳಗೆ ಬರಕೂಡದು ಎಂದು ಅಪ್ಪಣೆ ಮಾಡಿದರು. ನಗುವುದಾದರೆ ಇಲ್ಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಹೆಚ್ಚೇನಿಲ್ಲ.

ಆ ವರ್ಷ ಕರಿಮೆಣಸಿನ ಕೊಯ್ಲಿನ ಕೊನೆಯಲ್ಲಿ ಬೀರ ಎಂಬ ಕುರುಬ ಕೆಲಸಕ್ಕೆ ಬರಲಿಲ್ಲ. ಎತ್ತರದ ಮರ ಹತ್ತಿ ಮೆಣಸು ಕುಯ್ಯುವುದರಲ್ಲಿ ಅವನೇ ಮುಂದು. ಕಾಡೊಳಗಿನ ತಮ್ಮ ದೇವರಿಗೆ ನಡೆದುಕೊಳ್ಳಲು ಹೋಗಿದ್ದವನು ತಿರುಗಿ ಬಂದ ದಿನ ಮಾಸ್ತರರು ಅವನನ್ನು ಮೆಣಸಿನ ಗೋಡೌನಿಗೆ ಹಾಕಿಸಿ ಬೀಗ ಜಡಿಸಿದರು. ಒಳಗೆ ಕಿಟಕಿಯಿಲ್ಲ, ಒಣಗಿದ ಮೆಣಸಿನ ಧೂಳು ಮೂಗಿಗೆ ಏರುತ್ತದೆ. ಬೀರ ಸೀನುವುದು, ಕೆಮ್ಮುವುದು ಮನೆಯ ಅಂಗಳಕ್ಕೇ ಕೇಳಿಸುತ್ತಿತ್ತು. "ಹೊಡೆಯೋದು ಬರ್ಬರರ ಕೆಲ್ಸ. ನಾನು ಹೊಡೆಯೋದಿಲ್ಲ, ತಿದ್ದುತ್ತೇನೆ," ಎಂದು ಮಾಸ್ತರರು ತೋಟದ ಲೆಕ್ಕ ಬರೆಯುವ ರೈಟರ್ ಕೂಸಪ್ಪನಿಗೆ ವಿವರಿಸಿದರು. ಕೂಸಪ್ಪ ಸಂಬಳದ ಮನುಷ್ಯ, ಹೌದೌದು ಅಂದ.

ಮರುದಿನ ಭಾನುವಾರ. ಪೂವಯ್ಯ ಮಡಿಕೇರಿಯಿಂದ ಹೊಸ ಕ್ಯಾಮೆರಾ ತೂಗುಹಾಕಿಕೊಂಡು ಬಂದಿಳಿದರು. ಮಾಸ್ತರರು ಪತ್ರಿಕೆಗೊಂದು ಲೇಖನ ಬರೆಯುತ್ತಿದ್ದರು, ಪ್ರಾಚೀನ ನಾಗರಿಕತೆಗಳೂ ಅವುಗಳ ಬಾಗಿಲಲ್ಲಿ ನಿಂತ ಬರ್ಬರರೂ ಎಂಬ ವಿಷಯದ ಮೇಲೆ. ಕೊನೆಯಲ್ಲಿ ತಮ್ಮದೇ ತೋಟದ ಕುರುಬರನ್ನು ಸೇರಿಸಿ, ಬಂಡೆಯಿಂದ ಹೆಜ್ಜೇನು ಕೀಳುವ ಒಂದು ಫೋಟೋ ಹಾಕಿದರೆ ಲೇಖನಕ್ಕೆ ಕಳೆ ಬರುತ್ತದೆಂದು ಅವರಿಗೆ ಅನ್ನಿಸಿತ್ತು. ಹಾಗಾಗಿ ಬೆಳಗ್ಗೆಯೇ ಹಾಡಿಗೆ ಹೇಳಿ ಕಳಿಸಿದ್ದರು.

ಬಂದವರು ಮೂವರು. ಪುಟ್ಟ, ಆ ಸೀಮೆಗೇ ಒಳ್ಳೆಯ ಜೇನು ಕೀಳುವವನು. ಅವನ ಹೆಂಡತಿ ಜವರಿ, ಬೀರನ ತಂಗಿ. ಮೂರನೆಯವನು ಪುಟ್ಟನ ತಮ್ಮ, ಪಾಪ ಅಂತ ಹೆಸರು, ಇನ್ನೂ ಮದುವೆಯಾಗದವನು, ನೋಡಲು ಅಣ್ಣನಿಗಿಂತ ಗಟ್ಟಿಮುಟ್ಟು. ಮೂವರೂ ಅಂಗಳದ ಕೆಳಗೆ ನಿಂತರು. ಗೋಡೌನಿನಿಂದ ಕೆಮ್ಮು ಕೇಳಿದಾಗೆಲ್ಲ ಜವರಿ ಆ ಕಡೆ ತಿರುಗುತ್ತಿದ್ದಳು.

"ಬುದ್ದಿ, ಬೀರನ್ನ ಬುಟ್ಟುಕೊಡಿ. ಅವ್ನು ಬಂದ್ರೆ ಈಗ್ಲೇ ಜೇನು ತಂದೇನು," ಎಂದ ಪುಟ್ಟ.

"ಜೇನು ಬರ್ಲಿ, ಆಮೇಲೆ ಬೀರ," ಅಂದರು ಮಾಸ್ತರರು. "ಇದು ನನ್ನ ಮಾತು. ಜೇನು ಮನೆಗೆ ಬಂದ ಗಳಿಗೆ ಬೀಗ ತೆಗೆಸ್ತೇನೆ. ಇಲ್ಲಾಂದ್ರೆ ಪೊಲೀಸ್ನೋರ ಕೈಗೆ ಕೊಡ್ತೇನೆ, ಮೆಣಸು ಕದ್ದ ಅಂತ ಹೇಳಿ."

"ಅವ್ನು ಕದೀಲಿಲ್ಲ ಬುದ್ದಿ."

"ಅದು ನಂಗೂ ಗೊತ್ತು. ಪೊಲೀಸ್ನೋರಿಗೆ ಗೊತ್ತಿಲ್ಲ."

ಪೂವಯ್ಯ ಜೋರಾಗಿ ನಕ್ಕರು. ಪುಟ್ಟ ತಲೆ ಕೆರೆದುಕೊಂಡ. ಬಂಡೆಗೆ ಇಳಿಯುವುದೆಂದರೆ ಮೇಲೆ ಮರಕ್ಕೆ ಒಂದು ಸುತ್ತು ಹಾಕಿದ ಬಳ್ಳಿಹಗ್ಗದ ತುದಿಯನ್ನು ಒಬ್ಬ ಹಿಡಿದಿರಬೇಕು. ಕೆಳಗಿನವನು ಎಳೆದು ಸನ್ನೆ ಮಾಡಿದಂತೆ ಸಡಿಲ ಬಿಡಬೇಕು, ಮೇಲೆ ಸೆಳೆಯಬೇಕು. ಕಟ್ಟಿಬಿಟ್ಟ ಹಗ್ಗಕ್ಕೆ ಸನ್ನೆ ತಿಳಿಯುವುದಿಲ್ಲ. ಹಿಡಿಯುವವನು ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಬೇರೆ ಯಾರೂ ಆಗದು. ಇದನ್ನು ಪುಟ್ಟ ತನ್ನ ಹರಕು ಮುರುಕು ಮಾತಿನಲ್ಲಿ ಹೇಳಿದ.

"ಇಲ್ಲೇ ಇದ್ದಾನಲ್ಲ ನಿನ್ನ ತಮ್ಮ. ಎತ್ತಿನ ಹಂಗೆ ಇದ್ದಾನೆ. ಅವ್ನು ಹಿಡೀಲಿ," ಅಂದರು ಮಾಸ್ತರರು.

"ಆಗಾಕಿಲ್ಲ ಬುದ್ದಿ. ತಮ್ಮ ಹಿಡೀಬಾರ್ದು. ನಾ ಸತ್ರೆ ಜವರಿ ಅವ್ನಿಗೆ ಹೋಯ್ತಾಳೆ."

ಮಾಸ್ತರರು ಕುರ್ಚಿಯ ತುದಿಗೆ ಬಂದು ಕೂತರು. ಲೇಖನಕ್ಕೆ ಬೇಕಾದದ್ದು ತಾನಾಗಿ ಬಾಯಿಗೆ ಬಂದು ಬಿದ್ದಿತ್ತು. "ಕೇಳಿದ್ಯಾ ಪೂವಯ್ಯ? ಹೆಂಗಸಿನ ಆಸೆಗೆ ತಮ್ಮನೇ ಅಣ್ಣನ ಹಗ್ಗ ಬಿಡ್ತಾನಂತೆ! ಒಡಹುಟ್ಟಿದವನನ್ನೂ ನಂಬದ ಜನ. ಇದಕ್ಕಿಂತ ಬೇರೆ ಗುರುತು ಬೇಕಾ?" ಅಣ್ಣ ಮೊಣ್ಣಪ್ಪನ ಮೇಲಿನ ಕೇಸಿನ ನೆನಪು ಇಬ್ಬರಲ್ಲಿ ಒಬ್ಬರಿಗಾದರೂ ಬಂತೋ ಇಲ್ಲವೋ, ಬಂದ ಹಾಗಂತೂ ಕಾಣಲಿಲ್ಲ.

ಆಗ ಪಾಪ ಬಾಯಿ ಬಿಟ್ಟ. ಅವನಿಗೆ ನಾಚಿಕೆ ಜಾಸ್ತಿ, ನೆಲ ನೋಡಿಕೊಂಡೇ ಮಾತಾಡಿದ. "ಹಂಗಲ್ಲ ಬುದ್ದಿ. ಅಣ್ಣಂಗೆ ನನ್ ಮೇಲೆ ನಂಬ್ಕೆ ಇಲ್ದೆ ಅಲ್ಲ. ಅಗ್ಗ ತಾನಾಗೇ ಜಾರೀತು, ಬಳ್ಳಿ ಹರ್ದೀತು. ಆಗ ಜನ ನನ್ನ ಅನ್ನಬಾರ್ದು ನೋಡಿ. ಅದ್ಕೇ ನಮ್ ಹಿರೀಕ್ರು ತಮ್ಮನ್ ಕೈಗೆ ಅಗ್ಗ ಕೊಡ್ಬೇಡಿ ಅಂದವ್ರೆ."

ಮಾಸ್ತರರು ಇದನ್ನು ಕೇಳಿಸಿಕೊಳ್ಳಲಿಲ್ಲ. ಮೊದಲಿನ ಮಾತನ್ನು ಲೇಖನದಲ್ಲಿ ಹೇಗೆ ಬರೆಯುವುದೆಂಬ ಯೋಚನೆಯಲ್ಲಿದ್ದರು. ಪೂವಯ್ಯ ಕೇಳಿಸಿಕೊಂಡರು, ಆದರೆ ಅವರ ಕೈ ಕ್ಯಾಮೆರಾದ ಗುಂಡಿಯ ಮೇಲಿತ್ತು. ಹೊತ್ತಾಗುತ್ತಿದೆ, ಬೆಳಕು ತಲೆ ಮೇಲೆ ಬಂದರೆ ಫೋಟೋ ಕೆಡುತ್ತದೆ ಎಂದರು.

"ಹಂಗಾದ್ರೆ ನಾನೇ ಹಿಡೀತೇನೆ," ಅಂದರು ಮಾಸ್ತರರು ಏಳುತ್ತಾ. "ನಾನು ಹಗ್ಗ ಹಿಡಿದ ಫೋಟೋ ತೆಗಿ ಪೂವಯ್ಯ. ಬರ್ಬರನ ಪ್ರಾಣ ನಾಗರಿಕನ ಕೈಲಿ. ಶೀರ್ಷಿಕೆ ಸಿಕ್ತು!"

ಕುರುಬರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥದು ಅವರ ಹಿರಿಯರ ಕಾಲದಲ್ಲೂ ನಡೆದಿರಲಿಲ್ಲ. ಜವರಿ ಪುಟ್ಟನ ಕಿವಿಯಲ್ಲಿ ಏನೋ ಹೇಳಿದಳು. ಅವರಲ್ಲಿ ಇದಕ್ಕೂ ಒಂದು ದಾರಿಯಿತ್ತು. ಒಡಹುಟ್ಟಿದವನು ಜೊತೆಗಿಲ್ಲದ ಹೆಣ್ಣು ನಂಬಿಕೆಯ ಒಬ್ಬನಿಗೆ ವೀಳ್ಯ ಕೊಟ್ಟು, ಅವನು ಅದನ್ನು ಜಗಿದು ಹಗ್ಗ ಮುಟ್ಟಿದರೆ, ಅವತ್ತಿನಿಂದ ಅವನು ಅವಳ ಅಣ್ಣ. ಒಂದು ದಿನಕ್ಕಲ್ಲ, ಸಾಯುವವರೆಗೆ. ಅವನ ಮನೆ ಅವಳಿಗೆ ತವರು. ಗೋಡೌನಿನಲ್ಲಿ ಬೀರ ಮತ್ತೆ ಕೆಮ್ಮಿದ. ಪುಟ್ಟ ಆಗಲಿ ಎಂದು ತಲೆಯಾಡಿಸಿದ.

ಬಂಡೆಯ ನೆತ್ತಿ ತೋಟದಿಂದ ಏರುದಾರಿ. ಕೂಸಪ್ಪ ಕಾಫಿಯ ಫ್ಲಾಸ್ಕು, ತಗಡಿನ ಡಬ್ಬ ಹೊತ್ತು ಹಿಂದೆ ಬಂದ. ಮೇಲೆ ನಿಂತರೆ ಕೆಳಗೆ ಕಣಿವೆಯ ಮರಗಳ ತಲೆ ಮಾತ್ರ ಕಾಣುತ್ತಿತ್ತು. ಬಂಡೆಯ ಹೊಟ್ಟೆಗೆ ಅಂಟಿಕೊಂಡ ಹೆಜ್ಜೇನಿನ ಹುಟ್ಟುಗಳ ಗುಂಯ್‌ಗುಡುವ ಸದ್ದು ಮೇಲಿನವರೆಗೂ ಬರುತ್ತಿತ್ತು. ಪಾಪ ಹಸಿಸೊಪ್ಪಿನ ಕಟ್ಟು ಮಾಡಿ ಹೊಗೆ ಎಬ್ಬಿಸಿದ. ಜವರಿ ಸೊಂಟದ ಚೀಲದಿಂದ ಒಂದು ವೀಳ್ಯದೆಲೆ, ಅಡಿಕೆ ಚೂರು ತೆಗೆದು, ಎರಡೂ ಕೈಯಲ್ಲಿ ಮಾಸ್ತರರ ಮುಂದೆ ಹಿಡಿದಳು.

"ಇದ ತಿನ್ನಿ. ತಿಂದು ಅಗ್ಗ ಮುಟ್ಟಿ. ಇನ್ನು ನೀವು ನಂಗೆ ಅಣ್ಣ."

ಮಾಸ್ತರರಿಗೆ ತಮಾಷೆಯೆನಿಸಿತು. ಪೂವಯ್ಯನ ಕಡೆ ಕಣ್ಣು ಮಿಟುಕಿಸಿ, ಎಲೆ ತೆಗೆದುಕೊಂಡು, ಫೋಟೋಗೆ ಸರಿಯಾಗಿ ಬಾಯಿಯ ಹತ್ತಿರ ಹಿಡಿದರು. ಕ್ಯಾಮೆರಾ ಕ್ಲಿಕ್ಕೆಂದಿತು. ಜವರಿ ಗಂಡನ ಸೊಂಟದ ಗಂಟು ಬಿಗಿಯಲು ಬಗ್ಗಿದಳು. ಕುರುಬಿತಿ ಮುಟ್ಟಿದ್ದನ್ನು ಗೌಡರ ಮನೆಯವರು ತಿನ್ನುವುದುಂಟೇ? ಮಾಸ್ತರರು ಎಲೆಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಜಗಿಯುವವರಂತೆ ದವಡೆ ಆಡಿಸಿದರು. ತಲೆಯೆತ್ತಿ ನೋಡಿದ ಜವರಿ ಆ ದವಡೆಯನ್ನು ನಂಬಿದಳು.

ಪುಟ್ಟ ಇಳಿದ. ಇಳಿಯುವ ಮುಂಚೆ ಅಂಚಿನಲ್ಲಿ ನಿಂತು ಮಾಸ್ತರರ ಕಡೆ ನೋಡಿ, "ಬಾವ, ಬಿಗಿ ಹಿಡ್ಕಳಿ," ಎಂದು ನಕ್ಕ. ವೀಳ್ಯ ತಿಂದವನನ್ನು ಹಾಗೇ ಕರೆಯಬೇಕು. ಮಾಸ್ತರರ ಮುಖ ಗಂಟಾಯಿತು, ಆದರೆ ಪೂವಯ್ಯ ಮತ್ತೆ ಕ್ಯಾಮೆರಾ ಎತ್ತಿದ್ದರಿಂದ ಸುಮ್ಮನಾದರು.

ಹೆಂಡತಿಯಾದವಳು ಕಣಿವೆಯ ಕಡೆ ನೋಡಬಾರದು, ಹಗ್ಗ ಹಿಡಿದ ಕೈಗಳನ್ನೇ ನೋಡುತ್ತಿರಬೇಕು. ಜವರಿ ಮಾಸ್ತರರ ಎದುರು ಕುಕ್ಕರಗಾಲಲ್ಲಿ ಕೂತು ಆ ಕೈಗಳನ್ನು ನೋಡತೊಡಗಿದಳು. ಸೀಮೆಸುಣ್ಣ ಹಿಡಿದು ಬೆಳೆದ ಮೆತ್ತಗಿನ ಕೈಗಳು. ಮರದ ಸುತ್ತು ಭಾರದ ಮುಕ್ಕಾಲು ಪಾಲು ಹೊತ್ತಿದ್ದರಿಂದ ಮಾಸ್ತರರಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಎಳೆದರೆ ಸಡಿಲಿಸಿದರು, ಇನ್ನೊಮ್ಮೆ ಎಳೆದರೆ ಬಿಗಿ ಹಿಡಿದರು. ಅವರಿಗೇ ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಪಾಪ ಇನ್ನೊಂದು ಹಗ್ಗದಿಂದ ಡಬ್ಬವನ್ನು ಮೇಲೆ ಸೇದಿದ. ತುಂಬ ಎರಿ, ಬಂಗಾರದ ಬಣ್ಣದ ಜೇನು ತೊಟ್ಟಿಕ್ಕುತ್ತಿತ್ತು. ಕೂಸಪ್ಪ ಬೆರಳದ್ದಿ ನೆಕ್ಕಿದ. ಪಾಪ ಡಬ್ಬದಲ್ಲಿದ್ದದ್ದನ್ನು ಕೂಸಪ್ಪ ತಂದಿದ್ದ ಪಾತ್ರೆಗೆ ಸುರಿದು, ಡಬ್ಬವನ್ನು ಮತ್ತೆ ಇಳಿಬಿಟ್ಟ.

ಆಮೇಲೆ ನಡೆದದ್ದನ್ನು ಮಾಸ್ತರರು ಜೇನುಹುಳಗಳ ದಾಳಿ ಎಂದು ಬರೆದರೂ ಬರೆದಾರು. ದಾಳಿಯೇನೂ ಇರಲಿಲ್ಲ. ಹೊಗೆ ಚೆನ್ನಾಗಿಯೇ ಇತ್ತು, ಗಾಳಿ ಅಲುಗಿರಲಿಲ್ಲ. ಬಂದದ್ದು ಒಂದೇ ಒಂದು ಹುಳ. ಅದು ಮಾಸ್ತರರ ಕುತ್ತಿಗೆಯ ಹಿಂಭಾಗಕ್ಕೆ ಕಚ್ಚಿತು. ಮಾಸ್ತರರು "ಅಯ್ಯೋ" ಎಂದು ಒಂದು ಕೈ ಎತ್ತಿದರು. ಉಳಿದೊಂದು ಕೈಯೊಳಗೆ ಹಗ್ಗ ಜರ್ರನೆ ಓಡಿತು, ಅಂಗೈ ಸುಟ್ಟಿತು. ಆ ಕೈಯನ್ನೂ ಬಿಟ್ಟರು. ಎರಡು ಕೈಯಲ್ಲೂ ಕುತ್ತಿಗೆ ಬಡಿದುಕೊಳ್ಳುತ್ತ ಕುಣಿದರು.

ಜವರಿ ಹಾರಿ ಹಗ್ಗಕ್ಕೆ ಬಿದ್ದಳು. ತುದಿ ಅವಳ ಬೆರಳು ಸವರಿ, ಮರ ಸುತ್ತಿ, ಅಂಚು ದಾಟಿ ಹೋಯಿತು. ಪುಟ್ಟ ಕೂಗಲಿಲ್ಲ. ಕೆಳಗೆ ಕೊಂಬೆ ಮುರಿದ ಸದ್ದು ಬಂತು, ಆಮೇಲೆ ಇನ್ನೊಂದು ಸದ್ದು ಬಂತು. ಪಾಪ ಕೈಯಲ್ಲಿದ್ದದ್ದನ್ನು ಬಿಸುಟು, ಬಂಡೆ ಬಳಸಿ ಕಣಿವೆಗೆ ಓಡಿದ. ಜವರಿ ಅವನ ಹಿಂದೆ ಓಡಿದಳು.

ಮೇಲೆ ಉಳಿದವರು ಮೂವರು. ಮಾಸ್ತರರು ಕುಸಿದು ಕೂತರು. "ಹುಳ ಕಚ್ತ್... ಹುಳ ಕಚ್ತ್ ಪೂವಯ್ಯ," ಎಂದು ಅದನ್ನೇ ಹೇಳಿದರು.

ಪೂವಯ್ಯ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿ ಬಂದರು. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಮಾಸ್ತರರ ಕೈಗೆ ಕೊಟ್ಟರು. ನಂತರ ಕ್ಯಾಮೆರಾದ ಬೆನ್ನು ತೆರೆದು, ಒಳಗಿನ ರೀಲನ್ನು ಪೂರ್ತಿ ಬಿಸಿಲಿಗೆ ಎಳೆದು, ಮುದ್ದೆ ಮಾಡಿ ಹೊಗೆಯಾಡುತ್ತಿದ್ದ ಸೊಪ್ಪಿನ ಕಟ್ಟಿನ ಮೇಲಿಟ್ಟರು. ಅದು ಭಗ್ಗನೆ ಉರಿಯಿತು. "ಬಾವ, ನೀವು ಎಂತದೂ ಮಾತಾಡ್ಬೇಡಿ. ನೀವು ಹಗ್ಗ ಮುಟ್ಟಲೇ ಇಲ್ಲೆ. ಅವನ ತಮ್ಮ ಹಿಡ್ದಿದ್ದ, ಬಿಟ್ಟ. ಯಾಕೆ ಬಿಟ್ಟ ಅಂತ ಸತ್ತವನೇ ನಮ್ಮೆದುರು ಹೇಳಿದ್ದಾನಲ್ಲ? ನಾನು ಕೇಳಿದ್ದೇನೆ, ನೀವು ಕೇಳಿದ್ದೀರಿ. ಏನು ಕೂಸಪ್ಪ?"

ಕೂಸಪ್ಪ ಬೆರಳಿಗಂಟಿದ ಜೇನನ್ನು ಪಂಚೆಗೆ ಒರೆಸಿಕೊಂಡ. "ಹೌದು ಸಾರ್, ಕೇಳಿದ್ದೇನೆ," ಅಂದ.

ಅಕ್ಕನ ಗಂಡನ ಹಗ್ಗವನ್ನು ಪೂವಯ್ಯ ಹೀಗೆ ಹಿಡಿದರು, ಎಷ್ಟು ಬಿಗಿಯಾಗಿ ಎಂದರೆ ಅದು ಕೊನೆಯವರೆಗೂ ಜಾರಲಿಲ್ಲ. ಕುರುಬರ ಹಿರಿಯರು ಇದನ್ನು ನೋಡಿದ್ದರೆ, ಬಾವಮೈದುನನೆಂದರೆ ಹೀಗಿರಬೇಕು ಅನ್ನುತ್ತಿದ್ದರೋ ಏನೋ. ನನಗಂತೂ ಹೇಳಲು ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಪೊಲೀಸ್ ದಫೇದಾರ ಇಬ್ಬರು ಪೇದೆಗಳ ಜೊತೆ ಬಂದ. ಪುಟ್ಟನ ಹೆಣವನ್ನು ಪಾಪನೇ ಬೆನ್ನ ಮೇಲೆ ಹೊತ್ತು ತಂದು ಅಂಗಳದಾಚೆ ಹಲಸಿನ ಮರದಡಿ ಮಲಗಿಸಿದ್ದ. ಅವನ ಮೈಯೆಲ್ಲ ಅಣ್ಣನ ರಕ್ತ. ಮಾಸ್ತರರು ವರಾಂಡದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಸೆಕೆಯ ದಿನ, ಆದರೂ ಶಾಲು. ಎರಡೂ ಕೈ ಅದರೊಳಗೆ. ಪೂವಯ್ಯ ನಡೆದದ್ದನ್ನೆಲ್ಲ ಅಚ್ಚುಕಟ್ಟಾಗಿ ಹೇಳಿದರು, ವಕೀಲರಿಗೆ ಅದು ಹೇಳಿಕೊಡಬೇಕಾದ ಕೆಲಸವಲ್ಲ. ಕುರುಬರ ಕಟ್ಟಳೆಯನ್ನೂ ಹೇಳಿದರು. ದಫೇದಾರ ಹೌಹಾರಿದ.

"ಇವರಲ್ಲಿ ಹಿಂಗುಂಟಾ ಸಾರ್? ಅಣ್ಣನ ಹೆಂಡ್ತಿ ತಮ್ಮನಿಗಾ?"

"ಅದಕ್ಕೇ ತಮ್ಮ ಹಿಡೀಬಾರ್ದು ಅಂತ ಇವರ ಹಿರಿಯರೇ ಹೇಳಿಟ್ಟಿದ್ದಾರೆ," ಅಂದರು ಪೂವಯ್ಯ. "ತಮ್ಮವರ ಬುದ್ಧಿ ಅವ್ರಿಗೇ ಗೊತ್ತಲ್ಲ."

ದಫೇದಾರ ಪಾಪನನ್ನು ಕರೆದ. ಪಾಪ ಒಂದೇ ಮಾತು ಹೇಳಿದ, "ನಾ ಹಿಡೀಲಿಲ್ಲ ಸಾಮಿ. ನಾ ಹಿಡಿಯಂಗೇ ಇಲ್ಲ." ಎಷ್ಟು ಕೇಳಿದರೂ ಅದೇ. ಅವನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇರಲಿಲ್ಲ. ಹಿಡಿಯಬಾರದ್ದನ್ನು ಯಾವ ಕುರುಬನಾದರೂ ಹಿಡಿಯುತ್ತಾನೆಯೇ?

ಜವರಿ ಹೆಣದ ಪಕ್ಕದಿಂದ ಎದ್ದು ಬಂದಳು. ಅಳುತ್ತಿರಲಿಲ್ಲ. "ಅಗ್ಗ ಇವ್ರೇ ಹಿಡ್ದಿದ್ರು. ಹುಳ ಕಚ್ಚುತು, ಬುಟ್ರು. ನಾ ಕೈಯನ್ನೇ ನೋಡ್ತಿದ್ದೆ," ಎಂದು ಮಾಸ್ತರರ ಕಡೆ ಬೆರಳು ತೋರಿಸಿದಳು. ಅಷ್ಟು ಸ್ಪಷ್ಟವಾದ ಕನ್ನಡ ಅವಳು ಅದುವರೆಗೆ ಆಡಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು.

ದಫೇದಾರ ಮಾಸ್ತರರನ್ನು ನೋಡಿದ. ಮಾಸ್ತರರು ಬಾಯಿ ತೆರೆಯಬೇಕಾಗಿ ಬರಲಿಲ್ಲ. ದಫೇದಾರನಿಗೇ ನಗು ಬಂತು. ಎಸ್ಟೇಟಿನ ಧಣಿ, ಹೈಸ್ಕೂಲಿನ ಮೇಷ್ಟ್ರಾಗಿದ್ದವರು, ಕೋಟು ಹಾಕಿಕೊಂಡು ಒಬ್ಬ ಕುರುಬನಿಗೆ ಹಗ್ಗ ಹಿಡಿದು ನಿಲ್ಲುವುದೆಂದರೇನು! ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ? ಪೇದೆಗಳೂ ನಕ್ಕರು, ಕೂಸಪ್ಪನೂ ನಕ್ಕ. ಜವರಿಯ ಸತ್ಯಕ್ಕೆ ನಿಲ್ಲಲು ಆ ಅಂಗಳದಲ್ಲಿ ಜಾಗವೇ ಇರಲಿಲ್ಲ.

"ಮೈದುನನ್ನ ಉಳಿಸ್ಕೊಳ್ಳೋಕೆ ನೋಡ್ತಾಳೆ. ಇಬ್ರೂ ಸೇರಿ ಮಾಡಿದ್ದೇ ಇರ್ಬೇಕು," ಎಂದ ದಫೇದಾರ. ಪಂಚನಾಮೆ ಬರೆದು, ಹೆಣ ಹೂಳಲು ಒಪ್ಪಿಗೆ ಕೊಟ್ಟು, ಪಾಪನ ಎರಡೂ ಕೈ ಹಿಂದಕ್ಕೆ ಸೇರಿಸಿ ಕಟ್ಟಿಸಿದ. ಕಟ್ಟಿದ್ದು ಡಬ್ಬ ಸೇದಿದ ಅದೇ ಹಗ್ಗದಿಂದ. ಪಾಪ ಹೋಗುವಾಗ ಹೆಣದ ಹತ್ತಿರ ನಿಲ್ಲಲು ನೋಡಿದ. ಪೇದೆ ಬೆನ್ನಿಗೆ ಗುದ್ದಿ ಮುಂದಕ್ಕೆ ತಳ್ಳಿದ.

ಅವರು ಮರೆಯಾದ ಮೇಲೆ ಮಾಸ್ತರರು ಕೂಸಪ್ಪನನ್ನು ಕರೆದರು. "ಗೋಡೌನ್ ಬೀಗ ತೆಗಿ. ಜೇನು ಬಂದ ಮೇಲೆ ಬೀರನ್ನ ಬಿಡ್ತೇನೆ ಅಂತ ಹೇಳಿದ್ದೆ. ನಾನು ಮಾತು ತಪ್ಪುವವನಲ್ಲ."

ಬೀರ ಹೊರಗೆ ಬಂದ. ಕಣ್ಣು ಕೆಂಪಗೆ ಊದಿಕೊಂಡು ಬೆಳಕು ನೋಡಲಾಗುತ್ತಿರಲಿಲ್ಲ. ಕಣ್ಣುಜ್ಜಿಕೊಳ್ಳುತ್ತ ಹಲಸಿನ ಮರದ ತನಕ ನಡೆದು, ಅಲ್ಲಿ ಮಲಗಿದವನು ಯಾರೆಂದು ಬಗ್ಗಿ ನೋಡಿದ. ಬಹಳ ಹೊತ್ತು ತನ್ನ ಎರಡು ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಮನೆಯೊಳಗೆ ಪ್ರೇಮಾವತಿ ತಡವಾದ ಊಟ ಬಡಿಸಿದರು. ಮಾಸ್ತರರು ಚಮಚ ಕೇಳಿದರು. ಹುಟ್ಟಿದಂದಿನಿಂದ ಕೈಯಲ್ಲಿ ಕಲಸಿ ಉಂಡ ಮನುಷ್ಯ, ಚಮಚವನ್ನು ಎಡಗೈಯಲ್ಲಿ ಹಿಡಿದು ಅನ್ನ ಚೆಲ್ಲಿಕೊಂಡರು. ಊಟವಾದ ಮೇಲೆ ಪ್ರೇಮಾವತಿ ಒಗೆಯಲು ಹಾಕುವ ಮುಂಚೆ ಕೋಟಿನ ಜೇಬು ತಡವಿದರು. ಬಾಡಿದ ಒಂದು ವೀಳ್ಯದೆಲೆ, ಅಡಿಕೆಯ ಚೂರು ಸಿಕ್ಕಿತು. ಅವರ ಮನೆಯಲ್ಲಿ ವೀಳ್ಯದ ಹರಿವಾಣ ತಪ್ಪಿಸಿ ಜೇಬಿನಲ್ಲಿ ಎಲೆ ಇಟ್ಟುಕೊಳ್ಳುವ ಪದ್ಧತಿಯಿರಲಿಲ್ಲ.

"ಇದ್ ಯಾರ್ ಕೊಟ್ಟದ್?"

ಮಾಸ್ತರರು ಶಾಲನ್ನು ಇನ್ನಷ್ಟು ಎಳೆದುಕೊಂಡರು.

"ಕೈ ತೋರ್ಸಿ."

"ಕೈಗೆ ಎಂತ ಇಲ್ಲೆ."

ಪ್ರೇಮಾವತಿ ಶಾಲು ಸರಿಸಿ ಬಲಗೈಯನ್ನು ತಾವೇ ಎತ್ತಿ ಬೆರಳು ಬಿಡಿಸಿದರು. ಅಂಗೈಯ ಅಡ್ಡಕ್ಕೆ ಚರ್ಮ ಸುಲಿದ ಒಂದು ಗೆರೆ, ಹಗ್ಗದಷ್ಟೇ ಅಗಲ. ಅವರು ಅದನ್ನು ನೋಡಿದರು, ಎಲೆಯನ್ನು ನೋಡಿದರು. ಎದ್ದು ಹೋಗಿ ಎಲೆಯನ್ನು ಒಲೆಗೆ ಹಾಕಿ ಬಂದರು.

ಆಗಲೇ ಅಂಗಳದಲ್ಲಿ ಸೀಸರ್ ಬೊಗಳಿತು. ಪ್ರೇಮಾವತಿ ಹೊರಗೆ ಬಂದು ನೋಡಿದರೆ ಜವರಿ, ಅವಳ ಹಿಂದೆ ಬೀರ, ಇನ್ನೂ ಹಿಂದೆ ಹಾಡಿಯ ನಾಲ್ಕಾರು ಜನ. ಜವರಿ ಅಂಗಳದ ಕೆಳಗೆ ನಿಲ್ಲಲಿಲ್ಲ. ಮೆಟ್ಟಿಲ ತನಕ ಬಂದು ಕೂತಳು, ತವರಿಗೆ ಬಂದ ಹೆಣ್ಣು ಕೂರುವ ಹಾಗೆ. ಸೆರಗಿನ ತುದಿಯಲ್ಲಿ ಮಣ್ಣು ಕಟ್ಟಿಕೊಂಡು ಬಂದಿದ್ದಳು.

"ಅತ್ತಿಗೆ," ಅಂದಳು.

ಪ್ರೇಮಾವತಿಗೆ ಕೇಳಿಸಿತು. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಅತ್ತಿಗೆ, ಅಣ್ಣನ್ನ ಕಳ್ಸಿ. ಗುಂಡಿ ತೋಡಿ ಆಯ್ತು. ಅಗ್ಗ ಹಿಡ್ದವ್ರು ಮೊದ್ಲ ಮಣ್ಣು ಹಾಕ್ದೆ ಮುಚ್ಚಂಗಿಲ್ಲ. ನಾ ಬಯ್ಯಾಕೆ ಬರ್ಲಿಲ್ಲ. ಕೈ ಜಾರ್ತದೆ, ಯಾರ್ದಾದ್ರೂ ಜಾರ್ತದೆ. ನಂಗೆ ಗೊತ್ತು. ಒಂದ್ ಹಿಡಿ ಮಣ್ಣು ಹಾಕಿ ಬರ್ಲಿ. ಆಮೇಲೆ ನನ್ ಮೈದುನ ಪಾಪ ಅಗ್ಗ ಹಿಡೀಲಿಲ್ಲ ಅಂತ ಪೊಲೀಸ್ನೋರಿಗೆ ಹೇಳ್ಲಿ. ಅಣ್ಣ ಅಲ್ವಾ, ಹೇಳ್ತಾರೆ."

ಕ್ಷಮಿಸಲು ಬಂದಿದ್ದಳು, ಕೇಳಿ. ಗಂಡನನ್ನು ಬೆಳಗ್ಗೆ ಕಳೆದುಕೊಂಡವಳು ಸಂಜೆಗೆ ಅವನನ್ನು ಬಿಟ್ಟ ಕೈಯನ್ನು ಅಣ್ಣನ ಕೈ ಎಂದು ನಂಬಿ, ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಹಿಡಿ ಮಣ್ಣು ಹಾಕಿದ್ದರೆ ಪಾಪ ಉಳಿಯುತ್ತಿದ್ದ. ಪ್ರೇಮಾವತಿ ಒಳಗೆ ತಿರುಗಿ ನೋಡಿದರು. ಮಾಸ್ತರರು ಕೋಣೆಯ ಕತ್ತಲಲ್ಲಿ ಎಲ್ಲ ಕೇಳಿಸಿಕೊಂಡು ಕೂತಿದ್ದರು, ಕತ್ತು ಬಗ್ಗಿತ್ತು. ಪೂವಯ್ಯ ಪಕ್ಕದಲ್ಲೇ ಇದ್ದರು. ತಮ್ಮ ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು ಬೇಡವೆಂದು ತಲೆಯಾಡಿಸಿದರು.

ಪ್ರೇಮಾವತಿಯ ಮುಖ ಒಂದು ಸಲ ಮೆತ್ತಗಾಯಿತು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹಿಂದೆ ಅಂಗಳದಲ್ಲಿ ಕೂಸಪ್ಪ ನಿಂತಿದ್ದ, ತೋಟದ ಲೈನ್‌ಮನೆಗಳ ಕೂಲಿಯವರು ನಿಂತಿದ್ದರು. ಅತ್ತಿಗೆ ಎಂಬ ಮಾತು ಅವರೆಲ್ಲರ ಕಿವಿಗೆ ಬಿದ್ದಿತ್ತು. ಗಂಡ ಕೊಲೆ ಮಾಡಿದ್ದನ್ನು ಅರಗಿಸಿಕೊಂಡ ಹೆಂಗಸಿಗೆ ಆ ಒಂದು ಮಾತು ಅರಗಲಿಲ್ಲ.

"ಯಾರೇ ನಿಂಗೆ ಅತ್ತಿಗೆ? ಕುರುಬಿತಿ ಬಂದು ನನ್ನ ಮೆಟ್ಟಿಲಲ್ಲಿ ಕೂತು ಅತ್ತಿಗೆ ಅಂತಾಳೆ! ಕೂಸಪ್ಪ, ಸೀಸರ್ ಸರಪಳಿ ಬಿಡು."

ಕೂಸಪ್ಪ ಬಿಟ್ಟ. ನಾಯಿ ಮೊದಲು ಹಿಡಿದದ್ದು ಸೆರಗನ್ನು. ಮಣ್ಣು ಮೆಟ್ಟಿಲ ತುಂಬ ಚೆಲ್ಲಿತು. ಬೀರ ತಂಗಿಯನ್ನು ಎಳೆದುಕೊಂಡು ಓಡುವಷ್ಟರಲ್ಲಿ ಅದು ಅವಳ ಮೀನಖಂಡಕ್ಕೆ ಎರಡು ಸಲ ಬಾಯಿ ಹಾಕಿತ್ತು. ಬೇಲಿಯ ತನಕ ಅಟ್ಟಿಕೊಂಡು ಹೋಗಿ, ತನ್ನ ಕೆಲಸ ಮುಗಿಸಿ, ಬಾಲ ಆಡಿಸುತ್ತ ಮರಳಿ ಬಂತು. ಮೇಲಿನ ಹಾಡಿಯ ಹತ್ತಿರ ತೋಡಿದ ಗುಂಡಿ ಮುಚ್ಚದೆ ಹಾಗೇ ಇತ್ತು. ಹಗ್ಗ ಹಿಡಿದವರು ಬರಲೆಂದು ಅವರು ಕತ್ತಲಾಗುವವರೆಗೂ ಕಾದರು.

ಪ್ರೇಮಾವತಿ ಮೆಟ್ಟಿಲ ಮೇಲಿನ ಮಣ್ಣು ಗುಡಿಸಿಸಿ, ಸಗಣಿ ನೀರು ಹಾಕಿಸಿದರು. ಕೈಕಾಲು ತೊಳೆದು ಒಳಗೆ ಬಂದು, ಬೆಳಗ್ಗೆ ಬಂಡೆಯಿಂದ ಬಂದ ಜೇನನ್ನು ಸೋಸಿಟ್ಟ ಭರಣಿ ಎತ್ತಿಕೊಂಡರು. ಸುಟ್ಟ ಗಾಯಕ್ಕೆ ಜೇನಿಗಿಂತ ಒಳ್ಳೆಯ ಮದ್ದಿಲ್ಲ. ಗಂಡನ ಪಕ್ಕದಲ್ಲಿ ಕೂತು, ಅಂಗೈ ಬಿಡಿಸಿ, ಬೆರಳಲ್ಲಿ ಮೆಲ್ಲಗೆ ಸವರಿದರು. ಉರಿ ಇಳಿಯತೊಡಗಿದಾಗ ಮಾಸ್ತರರು ಉಸಿರು ಬಿಟ್ಟು, ಮಣಿಕಟ್ಟಿಗೆ ಇಳಿದ ಒಂದು ಹನಿಯನ್ನು ನಾಲಿಗೆಯಲ್ಲಿ ನೆಕ್ಕಿದರು.

"ಜೇನು ಒಳ್ಳೆದುಂಟು," ಅಂದರು.